ಮೂರು ವರ್ಷ ಓಡಿಸಿದ ಸಿಎನ್‌ಸಿ ಪ್ಲಾಸ್ಮಾ ಕಟ್ಟರ್: ಸತಾಯಿಸಿದ್ದು ಗಾಳಿ ವಾಲ್ವ್ ಒಂದೇ

ನಮ್ಮ ಸಿಎನ್‌ಸಿ ಪ್ಲಾಸ್ಮಾ ಟೇಬಲ್‌ಗೆ (ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಿ, ವಿದ್ಯುತ್ ಆರ್ಕ್ ಮತ್ತು ಗಾಳಿಯಿಂದ ಲೋಹ ಕತ್ತರಿಸುವ ಮಷೀನ್) ಈಗ ಮೂರು ವರ್ಷ ತುಂಬಿತು. 45 ಆಂಪ್ಸ್ ಪವರ್ ಸೋರ್ಸ್, ಬ್ಲೋಬ್ಯಾಕ್ ಟಾರ್ಚ್ (ಟಾರ್ಚ್ ಅಂದರೆ ಕತ್ತರಿಸುವ ತಲೆ). ಹೆಚ್ಚಾಗಿ 3ರಿಂದ 10 ಎಂಎಂ ತನಕದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟ್ ಕತ್ತರಿಸುತ್ತೇವೆ. ಕಟಿಂಗ್ ಬಗ್ಗೆ ದೂರೇ ಇಲ್ಲ. ಅಂಚು ಸಾಫಾಗಿ ಬರುತ್ತದೆ, ಕೆಳಗೆ ಅಂಟಿದ ಕಿಟ್ಟ ಸುತ್ತಿಗೆಯಲ್ಲಿ ಒಂದು ತಟ್ಟಿದರೆ ಉದುರುತ್ತದೆ. ಮೋಟರ್, ರೈಲು, ಕಂಟ್ರೋಲರ್ ಯಾವುದೂ ತೊಂದರೆ ಕೊಟ್ಟಿಲ್ಲ. ಕೈಕೊಟ್ಟಿದ್ದೆಲ್ಲ ಗಾಳಿಯ ಸೊಲೆನಾಯ್ಡ್ ವಾಲ್ವ್ (ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ತೆರೆದು ಗಾಳಿ ಬಿಡುವ ವಾಲ್ವ್) ಹತ್ತಿರ. ಮೂರು ಸಲ. ಮೂರಕ್ಕೂ ಬೇರೆ ಬೇರೆ ಕಾರಣ, ಆದರೆ ವಾಲ್ವ್ ತಾನಾಗೇ ಕೆಟ್ಟಿದ್ದು ಒಂದು ಸಲವೂ ಇಲ್ಲ.

ಮೊದಲ ಸಲ ಎಂಟನೇ ತಿಂಗಳಲ್ಲಿ. ಪ್ರೋಗ್ರಾಂ ಹಾಕಿದರೆ ಟಾರ್ಚ್ ಕೆಳಗಿಳಿಯಿತು, ಸ್ಕ್ರೀನ್ ಮೇಲೆ ಟಾರ್ಚ್ ಆನ್ ಅಂತ ಬಂತು, ಒಳಗೆ ರಿಲೇ ಟಿಕ್ ಅಂದಿತು. ಆರ್ಕ್ (ಲೋಹ ಕತ್ತರಿಸುವ ಉರಿಕಿಡಿ) ಮಾತ್ರ ಇಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಟಾರ್ಚ್ ತುದಿಯ ನಾಝಲ್ ಬದಲಿಸಿದೆ, ಅದರೊಳಗಿನ ಎಲೆಕ್ಟ್ರೋಡ್ ಬದಲಿಸಿದೆ, ಅರ್ತ್ ಕ್ಲ್ಯಾಂಪ್ ಉಜ್ಜಿದೆ. ಅರ್ಧ ದಿನ ಸುಮ್ನೆ ಹೋಯಿತು. ಬ್ಲೋಬ್ಯಾಕ್ ಟಾರ್ಚ್‌ನಲ್ಲಿ ಗಾಳಿ ಬರದಿದ್ದರೆ ಆರ್ಕ್ ಹುಟ್ಟುವುದೇ ಇಲ್ಲ. ಸುಮ್ಮನಿದ್ದಾಗ ಎಲೆಕ್ಟ್ರೋಡ್ ನಾಝಲ್‌ಗೆ ತಾಗಿಕೊಂಡಿರುತ್ತದೆ. ಗಾಳಿ ಬಂದು ಹಿಂದಕ್ಕೆ ತಳ್ಳಿದಾಗಲೇ ಎರಡರ ನಡುವೆ ಕಿಡಿ ಹಾರಿ ಪೈಲಟ್ ಆರ್ಕ್ (ಶುರುವಿನ ಸಣ್ಣ ಆರ್ಕ್) ಆಗುವುದು. ಹಾಗಾಗಿ ಮೊದಲು ಕಿವಿಗೊಡಬೇಕಿದ್ದದ್ದು ಟಾರ್ಚ್ ತುದಿಯ ಸುಸ್ ಅನ್ನುವ ಸದ್ದಿಗೆ. ಅದು ಇರಲೇ ಇಲ್ಲ.

ಪ್ಲಗ್ ಕಿತ್ತು, ಗಾಳಿ ಬಂದ್ ಮಾಡಿ, ಲೈನಿನ ಗಾಳಿ ಪೂರ್ತಿ ಹೊರಬಿಟ್ಟೆ. ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಹಾಗಾಗಿ ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದು ಆಮೇಲೇ ಕವರ್‌ಗೆ ಕೈ ಹಾಕಿದೆ. ಪಕ್ಕದ ಕವರ್‌ಗೆ ಹನ್ನೊಂದು ಸ್ಕ್ರೂ! ವಾಲ್ವ್ ಇರುವುದು ಫ್ಯಾನ್ ಹಿಂದೆ, ಕೈ ತೂರದ ಮೂಲೆಯಲ್ಲಿ. ಡಿಸೈನ್ ಮಾಡಿದವರು ಒಂದು ಸಲವೂ ಅದನ್ನು ಬಿಚ್ಚಿ ನೋಡಿಲ್ಲ ಅಂತ ನನ್ನ ಅನುಮಾನ. ಹೊರಗೆ ತೆಗೆದು ಬೇರೆ 24 ವೋಲ್ಟ್ ಡಿಸಿ ಸಪ್ಲೈ ಕೊಟ್ಟೆ. ಟಕ್ ಅಂದಿತು. ಕಾಯಿಲ್ ಮೇಲಿನ ನಟ್‌ಗೆ ಸ್ಕ್ರೂಡ್ರೈವರ್ ತುದಿ ಹಿಡಿದರೆ ಎಳೆದುಕೊಂಡಿತು. ಅಂದರೆ ಕಾಯಿಲ್ ಸರಿ ಇದೆ. ಪ್ಲಂಜರ್ (ಕಾಯಿಲ್ ಎಳೆಯುವ ಒಳಗಿನ ಕಡ್ಡಿ) ತೆಗೆದು ಕೆಳಗಿನ ಸಣ್ಣ ತೂತಿಗೆ ಟಾರ್ಚ್ ಬಿಟ್ಟು ನೋಡಿದರೆ (ಕೈಯಲ್ಲಿ ಹಿಡಿಯುವ ಲೈಟು, ಪ್ಲಾಸ್ಮಾ ಅಲ್ಲ) ಬಿಳೀ ದಾರದಂಥದ್ದು ಸಿಕ್ಕಿಕೊಂಡಿದೆ. ಟೆಫ್ಲಾನ್ ಟೇಪಿನ ಎಳೆ. ಫಿಟ್ಟಿಂಗ್‌ಗೆ ಆ ಟೇಪ್ ಸುತ್ತಿದ್ದವನು ನಾನೇ. ಈಗ ಮೊದಲ ಒಂದೆರಡು ಥ್ರೆಡ್ ಬಿಟ್ಟು ಸುತ್ತುತ್ತೇನೆ.

ಎರಡನೇದು ಇದರ ಉಲ್ಟಾ. ಕಟಿಂಗ್ ಮುಗಿದರೂ ಗಾಳಿ ನಿಲ್ಲುತ್ತಿಲ್ಲ. ಆರ್ಕ್ ಆರಿದ ಮೇಲೂ ಕೆಲವು ಸೆಕೆಂಡ್ ಗಾಳಿ ಬರುವುದು ಸಹಜ, ಟಾರ್ಚ್ ತಣ್ಣಗಾಗಲಿ ಅಂತ. ಹೊಸಬರು ಅದನ್ನೇ ಲೀಕ್ ಅಂದುಕೊಳ್ಳುತ್ತಾರೆ. ಆದರೆ ಐದು ನಿಮಿಷ ಆದರೂ ನಿಲ್ಲದಿದ್ದರೆ ಸಹಜ ಅಲ್ವಲ್ಲ. ಮತ್ತೆ ಹನ್ನೊಂದು ಸ್ಕ್ರೂ. ವಾಲ್ವ್ ಒಳಗೆ ಗಾಳಿಯ ದಾರಿ ಮುಚ್ಚುವ ಪೊರೆ, ಅಂದರೆ ಡಯಾಫ್ರಮ್‌ನಲ್ಲಿ ಸೂಜಿಮೊನೆಯಷ್ಟು ಒಂದು ತೂತಿರುತ್ತದೆ. ಅದರಿಂದ ಮೇಲೆ ಹೋದ ಗಾಳಿಯೇ ಡಯಾಫ್ರಮ್ ಅನ್ನು ಒತ್ತಿ ಮುಚ್ಚುವುದು. ಆ ತೂತು ಕೆಂಪು ಕೆಸರಿನಲ್ಲಿ ಮುಚ್ಚಿಹೋಗಿತ್ತು. ತುಕ್ಕು, ನೀರು, ಕಂಪ್ರೆಸರ್ ಆಯಿಲ್ ಎಲ್ಲ ಸೇರಿದ ಕೆಸರು. ಕಂಪ್ರೆಸರ್ ಟ್ಯಾಂಕ್ ಡ್ರೈನ್ ತಿರುಗಿಸಿದರೆ ಚಹಾ ಬಣ್ಣದ ನೀರು ಬಂತು, ನಿಲ್ಲಲೇ ಇಲ್ಲ.

ನೀರು ಬೇರ್ಪಡಿಸುವ ಫಿಲ್ಟರ್ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ತಪ್ಪು ಜಾಗದಲ್ಲಿತ್ತು, ಅಷ್ಟೇ. ಕಂಪ್ರೆಸರ್ ಬಾಯಲ್ಲೇ ಹಾಕಿದ್ದೆವು. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿ ಫಿಲ್ಟರ್ ದಾಟಿಬಿಡುತ್ತದೆ. ಮುಂದೆ ಪೈಪಿನಲ್ಲಿ ತಣ್ಣಗಾಗಿ ಹನಿಗಟ್ಟಿ ಸೀದಾ ವಾಲ್ವ್‌ಗೆ. ಈಗ ಉದ್ದ ಪೈಪಿನ ಕೊನೆಯಲ್ಲಿ, ಮಷೀನ್ ಪಕ್ಕದಲ್ಲೇ ಇನ್ನೊಂದು ಹಾಕಿದ್ದೇವೆ. ಎಲೆಕ್ಟ್ರೋಡ್ ಬಾಳಿಕೆಯೂ ಜಾಸ್ತಿ ಆಯಿತು. ಅದರ ತುದಿಯ ಹಾಫ್ನಿಯಂ ಲೋಹದ ಗುಂಡಿಯನ್ನು ತೇವದ ಗಾಳಿ ಬೇಗ ತಿಂದುಹಾಕುತ್ತದೆ.

ಮೂರನೇದರಲ್ಲಿ ನಾನು ಪೂರ್ತಿ ಬೇಸ್ತು ಬಿದ್ದೆ. ಉದ್ದ ಕಟ್ ನಡುವೆ ಆರ್ಕ್ ಸಾಯುವುದು, ಲೋ ಪ್ರೆಷರ್ ಎರರ್ ಬರುವುದು. ಲೈನಿನ ಒತ್ತಡದ ಗೇಜ್ ನೋಡಿದರೆ 6 ಬಾರ್. ವಾಲ್ವ್ ಮುದುಕಾಯಿತು ಅಂತ ಹೊಸದು ತರಿಸಿದೆ. 24 ವೋಲ್ಟ್ ಅಂತ ಇದ್ದದ್ದನ್ನು ನೋಡಿ ಹಾಕಿಬಿಟ್ಟೆ. ಅದು 24 ವೋಲ್ಟ್ ಎಸಿ ಕಾಯಿಲ್, ನಮ್ಮದು ಡಿಸಿ. ಎಸಿ ಕಾಯಿಲ್‌ಗೆ ಅಷ್ಟೇ ವೋಲ್ಟಿನ ಡಿಸಿ ಕೊಟ್ಟರೆ ಕರೆಂಟ್ ಮಿತಿಮೀರಿ ಎಳೆಯುತ್ತದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾರ್ನಿಷ್ ವಾಸನೆ. ಇನ್ನೊಂದು ತರಿಸಿದೆ. ಸರಿಯಾದದ್ದೇ ಬಂತು, ಎರರ್ ಮಾತ್ರ ಹಾಗೇ ಇತ್ತು.

ಕೊನೆಗೆ ಗಾಳಿ ಹರಿಯುತ್ತಿರುವಾಗಲೇ ಗೇಜ್ ನೋಡೋಣ ಅನಿಸಿತು. ಏರ್ ಟೆಸ್ಟ್ ಬಟನ್ ಒತ್ತಿದ್ದೇ ತಡ, ಮುಳ್ಳು 6ರಿಂದ ಜಾರಿ 4ರ ಕೆಳಗೆ ಬಂತು. ಮ್ಯಾನುಯಲ್ ಕೇಳುವುದು 5 ಬಾರ್, ಅದೂ ಗಾಳಿ ಹರಿಯುವಾಗ. ತಪ್ಪಿದ್ದದ್ದು ಪೈಪಿನಲ್ಲಿ. 6 ಎಂಎಂ ಒಳ ಅಳತೆಯ ಉದ್ದದ ಪೈಪ್, ಅದರ ಮೇಲೆ ಎರಡು ಸಣ್ಣ ಕ್ವಿಕ್ ಕಪ್ಲರ್ (ಪೈಪ್ ತಟ್ಟನೆ ಸಿಕ್ಕಿಸಿ ಬಿಚ್ಚುವ ಜೋಡಣೆ). 10 ಎಂಎಂ ಪೈಪ್ ಎಳೆದು ಕಪ್ಲರ್ ಒಂದಕ್ಕೆ ಇಳಿಸಿದೆವು. ಹಳೆಯ ವಾಲ್ವ್ ತೊಳೆದು ವಾಪಸ್ ಹಾಕಿದೆ. ಅದೇ ಇವತ್ತಿಗೂ ಓಡುತ್ತಿದೆ. ಹೊಸದು ಡ್ರಾಯರ್‌ನಲ್ಲಿದೆ.

ತಯಾರಕರ ಮ್ಯಾನುಯಲ್‌ನಲ್ಲಿ ವಾಲ್ವ್ ಬಗ್ಗೆ ಇರುವುದು ಒಂದೇ ಸಾಲು: ಸರ್ವಿಸ್‌ನವರನ್ನು ಸಂಪರ್ಕಿಸಿ. ಫೋನ್ ಮಾಡಿದರೆ ಅವರು ಹೇಳಿದ್ದೂ ಒಂದೇ ಮಾತು: ವಾಲ್ವ್ ಬದಲಿಸಿ. ಕವರ್‌ನ ಹೊರಗೆ ಒಂದು ಗೇಜ್, ವಾಲ್ವ್ ಮುಂದೆ ಒಂದು ಸಣ್ಣ ಜಾಲರಿ ಕೊಟ್ಟಿದ್ದರೆ ಈ ಕಥೆಯಲ್ಲಿ ಅರ್ಧ ಇರುತ್ತಿರಲಿಲ್ಲ. ಮಷೀನ್‌ಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಕಡಿಮೆಯಾದ ಆ ಒಂದು ಸ್ಟಾರ್ ಹನ್ನೊಂದು ಸ್ಕ್ರೂಗಳ ಲೆಕ್ಕಕ್ಕೆ.