ನೆಟ್ ನಿಧಾನ ಅಂತ ಹೊಸ ಮೋಡೆಮ್ ತರುವ ಮೊದಲು ಫೋನೆತ್ತಿ ಕಿವಿಗಿಡಿ

ನಿಮ್ಮ ಮನೆಗೆ ಇನ್ನೂ ಲ್ಯಾಂಡ್‌ಲೈನ್ ತಂತಿಯಲ್ಲೇ ನೆಟ್ ಬರುತ್ತಿದೆಯಾ? ಈಚೆಗೆ ಅದು ತೆವಳುತ್ತಿದೆಯಾ? ಹಾಗಿದ್ದರೆ ದುಡ್ಡು ಬಿಚ್ಚುವ ಮೊದಲು ಇದನ್ನು ಓದಿ. ನಾನು 4,200 ರೂಪಾಯಿ ಕಳೆದುಕೊಂಡ ಮೇಲೆ ಗೊತ್ತಾದ ವಿಷಯ ಇದು.

2020ರಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ರೂಮು ಖಾಲಿ ಮಾಡಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಪುಣ್ಯಕ್ಕೆ ಅಪ್ಪಯ್ಯ ಲ್ಯಾಂಡ್‌ಲೈನ್ ಬಿಟ್ಟಿರಲಿಲ್ಲ. ಅದೇ ತಂತಿಗೆ 4 ಎಂಬಿಪಿಎಸ್ ಪ್ಲಾನ್ ಹಾಕಿಸಿದೆವು. ಮೇ ತಿಂಗಳಿಡೀ ಒಂದು ತಕರಾರಿಲ್ಲ. ಆಫೀಸಿನ ಮೀಟಿಂಗ್ ಕೂಡ ಆರಾಮಾಗಿ ನಡೆಯುತ್ತಿತ್ತು.

ಜೂನ್‌ನಲ್ಲಿ ಮಳೆ ಹಿಡಿಯಿತು, ನೆಟ್ ಸೊರಗಿತು. ಸ್ಪೀಡ್ ನೋಡಿದರೆ 700 ಕೆಬಿಪಿಎಸ್, ಅಂದರೆ ಒಂದು ಎಂಬಿಪಿಎಸ್ ಕೂಡ ಇಲ್ಲ. ತಮಾಷೆ ಏನು ಗೊತ್ತಾ? ಆಗಿನ ಸರ್ಕಾರಿ ಲೆಕ್ಕದಲ್ಲಿ ಇದೂ ಬ್ರಾಡ್‌ಬ್ಯಾಂಡೇ. 512 ಕೆಬಿಪಿಎಸ್ ಇದ್ದರೆ ಸಾಕಿತ್ತು. ಅದನ್ನು 2 ಎಂಬಿಪಿಎಸ್‌ಗೆ ಏರಿಸಿದ್ದು 2023ರಲ್ಲಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕಂಪನಿ ಹೆಸರು ಬೇಡ. "ಮೋಡೆಮ್ ಆಫ್ ಮಾಡಿ ಆನ್ ಮಾಡಿ ಸರ್" ಅಂದರು. ಮಾಡಿದೆ. ಮಾರನೇ ದಿನವೂ ಅದೇ ಮಾತು. ಮೂರನೇ ಸಲ ಒಬ್ಬರು, "ನಿಮ್ಮ ಪ್ಲಾನ್ ಚಿಕ್ಕದು ಸರ್, 8 ಎಂಬಿಪಿಎಸ್‌ಗೆ ಹೋಗಿ" ಅಂದರು. ತಿಂಗಳಿಗೆ 300 ರೂಪಾಯಿ ಜಾಸ್ತಿ. ಒಪ್ಪಿಕೊಂಡೆ. ನಾಲ್ಕೇ ಬರದ ತಂತಿಯಲ್ಲಿ ಎಂಟು ಹೇಗೆ ಬಂದೀತು ಅಂತ ತಲೆಗೆ ಹೊಳೆಯಲೇ ಇಲ್ಲ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರಿನ ಪೈಪಿಗೆ ಎಲೆ ಸಿಕ್ಕಿಕೊಂಡಾಗ ಮನೆ ಹತ್ತಿರ ದೊಡ್ಡ ಟ್ಯಾಂಕ್ ಕಟ್ಟಿಸಿದ ಹಾಗಾಯಿತು.

ಆಮೇಲೆ ಮೋಡೆಮ್ ಮೇಲೆ ಅನುಮಾನ ಬಂತು. ಪೇಟೆಗೆ ಹೋಗಿ 1,800 ಕೊಟ್ಟು ಹೊಸದು ತಂದೆ. ಸ್ಪೀಡ್ ಅಲ್ಲೇ ಇತ್ತು.

ಕೊನೆಗೆ ಪೇಟೆಯಲ್ಲಿ ನೆಟ್ ರಿಪೇರಿ ಮಾಡುವ ಒಬ್ಬ ಸಿಕ್ಕಿದ. ಕಂಪನಿಯವನಲ್ಲ. ಬಂದ, ನೋಡಿದ, "ಮೋಡೆಮ್ ನಿಮ್ಮ ಕೋಣೆಯಲ್ಲೇ ಇರಬೇಕು" ಅಂತ ಹಾಲಿನಿಂದ ಮಹಡಿವರೆಗೆ ಚಪ್ಪಟೆ ಫೋನ್ ವೈರ್ ಎಳೆದ. ಸುಮಾರು 25 ಮೀಟರ್. 1,500 ತೆಗೆದುಕೊಂಡು ಹೋದ. ಅವನು ಗೇಟು ದಾಟುವ ಮೊದಲೇ ನೆಟ್ ಹೋಯಿತು. ಆಮೇಲಿಂದ ಗಂಟೆಗೆ ಎರಡು ಮೂರು ಸಲ ಮೋಡೆಮ್ಮಿನಲ್ಲಿ ತಂತಿಯ ನೆಟ್ ಇದೆಯಾ ಅಂತ ತೋರಿಸುವ ಡಿಎಸ್‌ಎಲ್ ದೀಪ ಮಿಟುಕುವುದು, ನಾನು ಮೀಟಿಂಗಿನಿಂದ ಹೊರಗೆ ಬೀಳುವುದು. ಚಪ್ಪಟೆ ವೈರಿನಲ್ಲಿ ಎರಡು ತಂತಿ ಪಕ್ಕಪಕ್ಕ ಸುಮ್ನೆ ಓಡುತ್ತವೆ. ಹೆಣೆದ ಜೋಡಿ ತಂತಿಯ ಹಾಗೆ ಅದು ಸುತ್ತಲಿನ ವಿದ್ಯುತ್ ಗದ್ದಲವನ್ನು ತಡೆಯುವುದಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು.

ಈ ನಡುವೆ ಒಂದು ಸುಳಿವು ದಿನಾ ಕಣ್ಣೆದುರಿಗೇ ಇತ್ತು. ಫೋನ್ ರಿಂಗಾದರೆ ಸಾಕು, ನೆಟ್ ಮಾಯ. ಚಿಕ್ಕಮ್ಮ ಸಂಜೆ ಐದಕ್ಕೆ ಅಮ್ಮನಿಗೆ ಫೋನ್ ಮಾಡುತ್ತಾರೆ. ಸಂಜೆ ಐದಕ್ಕೆ ನನ್ನ ನೆಟ್ ಹೋಗುತ್ತದೆ. ಎರಡು ತಿಂಗಳು ನಾನು ಇದನ್ನು ಚಿಕ್ಕಮ್ಮನ ಕಾಲ್ಗುಣ ಅಂದುಕೊಂಡು ನಗುತ್ತಿದ್ದೆ.

ಬಿಡಿಸಿ ಹೇಳಿದವರು ಪಕ್ಕದೂರಿನ ರಿಟೈರ್ಡ್ ಲೈನ್‌ಮನ್. ಅಡಿಕೆ ಔಷಧಿ ಹೊಡೆಯುವವರ ನಂಬರ್ ಕೇಳಲು ಅಪ್ಪಯ್ಯನ ಹತ್ತಿರ ಬಂದಿದ್ದರು. ನನ್ನ ಗೋಳು ಕೇಳಿ ಮೋಡೆಮ್ ಕಡೆ ತಿರುಗಿಯೂ ನೋಡಲಿಲ್ಲ. ಹಾಲಿನ ಫೋನೆತ್ತಿದರು, ಒಂದೇ ಒಂದು ಅಂಕಿ ಒತ್ತಿದರು. ಡಯಲ್ ಟೋನ್ ನಿಂತಿತು. "ಕೇಳು ಮಾರಾಯ" ಅಂತ ರಿಸೀವರ್ ನನ್ನ ಕಿವಿಗೆ ಹಿಡಿದರು. ಲೈನ್ ಸರಿಯಿದ್ದರೆ ಆ ಕೆಲವು ಸೆಕೆಂಡು ಏನೂ ಕೇಳಬಾರದಂತೆ. ನನಗೆ ಕೇಳಿದ್ದು ಕರಕರ, ಚಟಚಟ. ಬಾಣಲೆಯಲ್ಲಿ ಹಪ್ಪಳ ಕರಿದ ಹಾಗೆ.

"ಮನೇಲಿ ಎಷ್ಟು ಫೋನಿದೆ?" ಅಂದರು. ಎರಡು. ಮಳೆ ಸದ್ದಿಗೆ ಹಾಲಿನ ಫೋನು ಕೇಳುವುದಿಲ್ಲ ಅಂತ ಅಮ್ಮ ಗೊಣಗಿದ್ದಕ್ಕೆ, ಅಟ್ಟದಲ್ಲಿದ್ದ ಹಳೇ ಫೋನನ್ನು ಜೂನ್‌ನಲ್ಲಿ ಅಡುಗೆಮನೆಗೆ ಪ್ಯಾರಲಲ್ ಕೊಟ್ಟಿದ್ದೆವು. ಕೊಟ್ಟವನು ಯಾರು? ನಾನೇ! ಹಾಲಿನಲ್ಲಿ ಸ್ಪ್ಲಿಟರ್ ಇತ್ತು. ಅಡುಗೆಮನೆಯ ವೈರನ್ನು ನಾನು ಸ್ಪ್ಲಿಟರ್‌ಗಿಂತ ಮೊದಲೇ ಕವಲು ಹೊಡೆಸಿದ್ದೆ.

ಇದು ಯಾಕೆ ತಪ್ಪು ಅಂದರೆ, ಒಂದೇ ಜೋಡಿ ತಂತಿಯಲ್ಲಿ ಮಾತೂ ಬರುತ್ತದೆ, ನೆಟ್ಟೂ ಬರುತ್ತದೆ. ಮಾತು ಕೆಳಗಿನ 4 ಕಿಲೋಹರ್ಟ್ಸ್ ಒಳಗೆ. ನೆಟ್ ಸುಮಾರು 25 ಕಿಲೋಹರ್ಟ್ಸ್‌ನಿಂದ ಮೇಲೆ. ಇವೆರಡನ್ನು ಬೇರೆ ಬೇರೆ ಮಾಡುವುದೇ ಆ ಪುಟ್ಟ ಸ್ಪ್ಲಿಟರ್ ಡಬ್ಬಿ. ಅದರ ಹಿಂದೆ ಕೂರದ ಪ್ರತಿ ಫೋನೂ ನೆಟ್ಟಿನ ಸಿಗ್ನಲ್ ನುಂಗುತ್ತದೆ. ರಿಂಗಾದಾಗ, ಎತ್ತಿದಾಗ, ಇಟ್ಟಾಗ ಗದ್ದಲವನ್ನೂ ಎಬ್ಬಿಸುತ್ತದೆ. ಚಿಕ್ಕಮ್ಮನದ್ದೇನೂ ತಪ್ಪಿರಲಿಲ್ಲ, ಪಾಪ.

ಅಡುಗೆಮನೆ ಫೋನ್ ಕಿತ್ತರು. ಮಹಡಿಯ ಚಪ್ಪಟೆ ವೈರನ್ನೂ ಕಿತ್ತರು. ಹೊರಗಿನಿಂದ ತಂತಿ ಮೊದಲು ಬಂದು ಸೇರುವ ರೋಸೆಟ್ ಬಾಕ್ಸಿಗೇ ಮೋಡೆಮ್ಮನ್ನು ನೇರ ಸಿಕ್ಕಿಸಿದರು. ಲ್ಯಾಪ್‌ಟಾಪಿಗೆ ವೈಫೈ ಬೇಡ, ಕೇಬಲ್ ಹಾಕು ಅಂದರು. ಇಲ್ಲದಿದ್ದರೆ ತಂತಿಯ ತಪ್ಪೋ ವೈಫೈ ತಪ್ಪೋ ಗೊತ್ತಾಗುವುದಿಲ್ಲ, ಅಲ್ವಾ? ಬ್ರೌಸರಿನಲ್ಲಿ 192.168.1.1 ಹೊಡೆದು ಮೋಡೆಮ್ಮಿನ ಡಿಎಸ್‌ಎಲ್ ಪುಟ ತೆಗೆದೆವು. ಕೆಲವು ಮೋಡೆಮ್ಮಿಗೆ ವಿಳಾಸ ಬೇರೆ ಇರುತ್ತದೆ, ಡಬ್ಬಿಯ ತಳದಲ್ಲಿ ಅಂಟಿಸಿರುತ್ತಾರೆ.

ಅಲ್ಲಿ ನೋಡಬೇಕಾದದ್ದು ಎರಡೇ ಅಂಕಿ. ಅಟೆನ್ಯುಯೇಷನ್ ಅಂದರೆ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಬರುವಷ್ಟರಲ್ಲಿ ಸಿಗ್ನಲ್ ಎಷ್ಟು ಸವೆದಿದೆ ಅನ್ನುವ ಲೆಕ್ಕ. ನಮ್ಮ ಎಕ್ಸ್‌ಚೇಂಜ್ ಮೂರು ಕಿಲೋಮೀಟರ್ ದೂರ, ಅಲ್ಲಿ 41 ಡಿಬಿ (ಡೆಸಿಬೆಲ್) ಅಂತಿತ್ತು. ದೂರಕ್ಕೆ ತಕ್ಕ ಅಂಕಿ, ಅದಕ್ಕೆ ಯಾರೂ ಏನೂ ಮಾಡುವ ಹಾಗಿಲ್ಲ. ಇನ್ನೊಂದು ಎಸ್‌ಎನ್‌ಆರ್ ಮಾರ್ಜಿನ್, ಗದ್ದಲದ ಮೇಲೆ ಸಿಗ್ನಲ್‌ಗೆ ಎಷ್ಟು ಉಸಿರಾಡುವ ಜಾಗ ಉಳಿದಿದೆ ಅನ್ನುವುದು. ಇದು 6 ಡಿಬಿಗಿಂತ ಕೆಳಗೆ ಇಳಿದರೆ ನೆಟ್ ಯಾವಾಗ ಬೇಕಾದರೂ ಬೀಳಬಹುದು. ನಮ್ಮದು ಮೂರಕ್ಕೂ ಐದಕ್ಕೂ ನಡುವೆ ಓಲಾಡುತ್ತಿತ್ತು. ಫೋನು, ವೈರು ಕಿತ್ತ ಮೇಲೆ ಸ್ವಲ್ಪ ಏರಿತು. ಸ್ಪೀಡೂ 3 ಎಂಬಿಪಿಎಸ್‌ಗೆ ಬಂತು. ಆದರೆ ಕರಕರ ನಿಂತಿರಲಿಲ್ಲ.

"ಇನ್ನು ಹೊರಗೆ" ಅಂತ ಕೊಡೆ ಹಿಡಿದು ಹೊರಟರು. ಕಂಬದಿಂದ ಮನೆಗೆ ಬರುವ ತಂತಿ ಹಲಸಿನ ಮರ ದಾಟುತ್ತದೆ. ಅಲ್ಲೊಂದು ಜಾಯಿಂಟ್, ಪ್ಲಾಸ್ಟಿಕ್ ತೊಟ್ಟೆ ಸುತ್ತಿದ್ದು. ಅವರು ಮುಟ್ಟಲಿಲ್ಲ. "ಇದು ಕಂಪನಿಯವರ ಕೆಲಸ. ಕಂಪ್ಲೇಂಟ್ ಕೊಡುವಾಗ ನೆಟ್ ಸ್ಲೋ ಅನ್ನಬೇಡ, ಫೋನಲ್ಲಿ ಕರಕರ ಸದ್ದು ಅನ್ನು" ಅಂದರು. ಹಾಗೇ ಹೇಳಿದೆ. ಎರಡು ತಿಂಗಳು ಬಾರದ ಲೈನ್‌ಮನ್ ಮೂರೇ ದಿನಕ್ಕೆ ಬಂದರು! ತೊಟ್ಟೆ ಬಿಚ್ಚಿದರೆ ಒಳಗೆ ನೀರು, ತಾಮ್ರಕ್ಕೆ ಹಸಿರು ಕಿಲುಬು. ಕತ್ತರಿಸಿ ಹೊಸ ಜಾಯಿಂಟ್ ಹಾಕಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಪುಕ್ಕಟೆ.

ಸ್ಪೀಡ್ ಸುಮಾರು 7ಕ್ಕೆ ಬಂದು ನಿಂತಿತು. ನಮ್ಮ ದೂರಕ್ಕೆ ಅಷ್ಟೇ. ಅಂದರೆ ನಾನು ದುಡ್ಡು ಕೊಡುತ್ತಿದ್ದ 8 ಈ ತಂತಿಯಲ್ಲಿ ಎಂದೂ ಬರುವುದಿರಲಿಲ್ಲ. ಮೂರು ತಿಂಗಳಿಗೆ 900 ದಂಡ ತೆತ್ತು ಹಳೇ ಪ್ಲಾನಿಗೆ ವಾಪಸ್ ಬಂದೆ.

ಕಂಪ್ಲೇಂಟಿನ ವಿಷಯದಲ್ಲಿ ಇನ್ನೊಂದು ಮಾತು. ಮೊದಲು ಕೊಟ್ಟ ಎರಡು ದೂರುಗಳನ್ನು "ಸರಿಪಡಿಸಲಾಗಿದೆ" ಅಂತ ಮುಚ್ಚಿದ್ದರು. ಯಾರೂ ಬಂದೇ ಇರಲಿಲ್ಲ. ನನ್ನ ಹತ್ತಿರ ಡಾಕೆಟ್ ನಂಬರೂ, ಅಂದರೆ ದೂರಿನ ನಂಬರೂ ಇರಲಿಲ್ಲ, ಬರೆದಿಟ್ಟುಕೊಂಡಿದ್ದರೆ ತಾನೇ? ನೀವು ಬರೆದಿಡಿ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಟ್ರಾಯ್ ಸಂಸ್ಥೆಯ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ದೂರಿನ ಮೇಲ್ಮನವಿಗೆ ಒಂದು ಅಪೆಲೇಟ್ ಅಥಾರಿಟಿ ಇರುತ್ತದೆ. ಅಲ್ಲಿಗೆ ಹೋಗಲು ಆ ನಂಬರ್ ಬೇಕು.

1,800ರ ಮೋಡೆಮ್ಮನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಸಿಡಿಲಿಗೆ ಹಳೆಯದು ಸುಟ್ಟರೆ ಇರಲಿ ಅಂತ ಅಟ್ಟದಲ್ಲಿಟ್ಟೆ. ಅಡುಗೆಮನೆ ಫೋನಿಗೆ ಸ್ಪ್ಲಿಟರಿನ ಫೋನ್ ಕಡೆಯಿಂದ ವೈರ್ ಎಳೆದುಕೊಟ್ಟಿದ್ದೇನೆ. ಚಿಕ್ಕಮ್ಮ ಈಗಲೂ ಸಂಜೆ ಐದಕ್ಕೇ ಫೋನ್ ಮಾಡುತ್ತಾರೆ.