ಮರದ ಬೋರ್ಡಿಗೆ ರೇಡಿಯಂ ಸ್ಟಿಕ್ಕರಿನ ಸ್ಟೆನ್ಸಿಲ್ ಹಚ್ಚುವ ಮುನ್ನ ಇದನ್ನು ಓದಿ

ಕುಮಟಾ ಹತ್ತಿರದ ಹೋಂಸ್ಟೇ ಒಂದಕ್ಕೆ ಜುಲೈನಲ್ಲಿ ಮಾಡಿದ ಎಂಟು ಮರದ ಬೋರ್ಡುಗಳಲ್ಲಿ ಐದು ಹಾಳಾದವು. ಸ್ಟೆನ್ಸಿಲ್, ಅಂದರೆ ಅಕ್ಷರದ ಆಕಾರ ಕತ್ತರಿಸಿ ತೆಗೆದ ಅಂಟುಹಾಳೆ, ಕಿತ್ತರೆ ಕೆಳಗಿನ ಬಿಳಿ ಇನಾಮಲ್ ಬಣ್ಣ ಅಂಗೈ ಅಗಲಕ್ಕೆ ಅದರ ಜೊತೆಗೇ ಎದ್ದು ಬಂತು. ಎದ್ದು ಬರದ ಕಡೆ ಅಕ್ಷರದ ನೀಲಿ ಬಣ್ಣ ಮರದ ಎಳೆಗುಂಟ ಹರಿದು ಜೇಡನ ಕಾಲಿನಂತಾಗಿತ್ತು. ಬೆರಳಿಟ್ಟರೆ ಅಂಟು. ಕಾರವಾರದಿಂದ ಭಟ್ಕಳದವರೆಗೆ ಇಂಥ ಬೋರ್ಡ್ ಮಾಡುವವರು ಇದೇ ಗುಂಡಿಗೆ ಬೀಳಬಾರದು ಅಂತ, ಎಲ್ಲೆಲ್ಲಿ ಎಡವಟ್ಟಾಯಿತು ಎಂದು ಬರೆದಿದೆ.

ಹೆಚ್ಚಿನ ಪಾಲು ತಪ್ಪು ವಿನೈಲಿನ, ಅಂದರೆ ಆ ಸ್ಟಿಕ್ಕರ್ ಹಾಳೆಯ, ಆಯ್ಕೆಯದು. ರೇಡಿಯಂ ಅಂಗಡಿಯಲ್ಲಿ ‘ಸ್ಟೆನ್ಸಿಲ್ ಕಟ್ ಮಾಡಿ’ ಅಂದರೆ ಬೈಕಿಗೆ, ಗಾಜಿಗೆ ಹಚ್ಚುವ ಹೊಳಪಿನ ರೋಲನ್ನೇ ಮಷಿನ್ನಿಗೆ ಹಾಕುತ್ತಾರೆ. ಒರಾಕಲ್ 651ರಂಥವು ವರ್ಷಗಟ್ಟಲೆ ಬಿಡದೆ ಕೂರಲಿ ಅಂತಲೇ ತಯಾರಾದವು. ಅವು ತಮ್ಮ ಕೆಲಸ ಸರಿಯಾಗಿಯೇ ಮಾಡಿದವು! ಸ್ಟೆನ್ಸಿಲ್ಲಿಗೆ ಬೇಕಾದ್ದು ಹಗುರ ಅಂಟಿನ ಮಾಸ್ಕ್ ಫಿಲ್ಮ್, ಉದಾಹರಣೆಗೆ ನೀಲಿ ಛಾಯೆಯ ಒರಾಮಾಸ್ಕ್ 813. ಊರಲ್ಲಿ ಸಿಗದಿದ್ದರೆ ತರಿಸಿಕೊಂಡು ಅಂಗಡಿಗೆ ನೀವೇ ಒಯ್ದು ಕೊಡಿ.

ಕಟಿಂಗ್ ಮಾಡಿಸುವಾಗ ಬಾಯಿಬಿಟ್ಟು ಹೇಳಿ: ಅಕ್ಷರ ತೆಗೆಯಬೇಕು, ಸುತ್ತಲಿನದು ಉಳಿಯಬೇಕು. ಸ್ಟಿಕ್ಕರ್ ಮಾಡಿ ಕೈ ರೂಢಿಯಾದವರು ಸುತ್ತಲಿನದನ್ನು ಕಿತ್ತೆಸೆದು ಅಕ್ಷರ ಕೊಡುತ್ತಾರೆ. ಇನ್ನೊಂದು ತೊಡಕು ಕನ್ನಡದ್ದೇ. ನುಡಿ ಫಾಂಟಿನಲ್ಲಿ ಅಕ್ಷರ, ಕೊಂಬು, ಒತ್ತು ಬೇರೆ ಬೇರೆ ತುಂಡುಗಳು, ಒಂದರ ಮೇಲೊಂದು ಕೂತಿರುತ್ತವೆ. ಹಾಗೇ ಪ್ಲಾಟರಿಗೆ (ಕಟಿಂಗ್ ಮಷಿನ್ನಿಗೆ) ಕಳಿಸಿದರೆ ಬ್ಲೇಡು ‘ಸ್ವಾ’ದ ಹೊಟ್ಟೆಯೊಳಗೂ ಗೀರುತ್ತದೆ, ಬಿಡಿಸುವಾಗ ಅಕ್ಷರ ಚೂರು ಚೂರಾಗಿ ಏಳುತ್ತದೆ. ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ ಮಾಡಿ, ತುಂಡುಗಳು ಒಂದಾಗಲು ವೆಲ್ಡ್ ಕೊಟ್ಟು, ಬರೀ ಗೆರೆ ಕಾಣುವ ವೈರ್‌ಫ್ರೇಮ್‌ನಲ್ಲಿ ಒಳಗೆರೆ ಉಳಿದಿಲ್ಲವೆಂದು ನೋಡಿದ ಮೇಲೆಯೇ ಕಟ್. ಮ, ವ, ರ ಒಳಗಿನ ಪುಟ್ಟ ಸೊನ್ನೆಗಳು 3 ಮಿ.ಮೀ.ಗಿಂತ ಸಣ್ಣವಾದರೆ ಮರದ ಮೇಲೆ ನಿಲ್ಲುವುದಿಲ್ಲ. ಒತ್ತಕ್ಷರ ಇರುವ ಸಾಲನ್ನು 4 ಸೆಂ.ಮೀ.ಗಿಂತ ಚಿಕ್ಕದು ಮಾಡದಿರುವುದು ಲೇಸು.

ಮರದ ವಿಷಯಕ್ಕೆ ಬಂದರೆ, ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವ ಶೇ. 85 ಮುಟ್ಟಿದಾಗ ಒಣಗಿದ ಹಲಗೆಯೂ ಶೇ. 18ರ ಸುಮಾರಿಗೆ ನೀರು ಹೀರಿಕೊಂಡಿರುತ್ತದೆ. ಬಣ್ಣ ಹಚ್ಚಲು 12ರ ಹತ್ತಿರ ಇರಬೇಕು. ತೇವ ಅಳೆಯುವ ಮೀಟರ್ ಇಲ್ಲವೇ? ಅಡಿಗೆಮನೆಯ ಒಲೆಯ ಪಕ್ಕದಂಥ ಬೆಚ್ಚನೆ ಜಾಗದಲ್ಲಿಟ್ಟು ದಿನಾ ತೂಗಿ, ಮೂರು ದಿನ ತೂಕ ಇಳಿಯದಿದ್ದರೆ ಆ ಜಾಗದಲ್ಲಿ ಎಷ್ಟು ಒಣಗಬೇಕೋ ಅಷ್ಟು ಒಣಗಿದೆ. ಸಾಗವಾನಿಯಾದರೆ ತಿನ್ನರ್ ಬಟ್ಟೆಯಲ್ಲಿ ಒರೆಸಿ ಎಣ್ಣೆ ತೆಗೆಯಿರಿ. ಹಲಸಿನ ಹಲಗೆಯ ಹಳದಿ ಕಲೆ ಬಿಳಿ ಬಣ್ಣದ ಮೇಲೆ ಮೂಡುತ್ತದೆ, ಕಲೆ ತಡೆಯುವ ಪ್ರೈಮರ್ ಬೇಕೇ ಬೇಕು.

ಆ ಐದು ಬೋರ್ಡಿಗೆ ಸಂಜೆ ಇನಾಮಲ್ ಹೊಡೆದು ಮರುದಿನ ಮಧ್ಯಾಹ್ನವೇ ಸ್ಟೆನ್ಸಿಲ್ ಹಚ್ಚಲಾಗಿತ್ತು. ಬೇಸಿಗೆಯಲ್ಲಿ ದಾಟಿಹೋಗಬಹುದಾದ ಅವಸರ ಅದು. ಮಳೆಯಲ್ಲಿ ಮೇಲೆ ಕೆನೆ ಕಟ್ಟಿರುತ್ತದೆ, ಕೆಳಗೆ ಹಸಿ. ಉಗುರು ಒತ್ತಿ ಗುರುತು ಬಿದ್ದರೆ ಕಾಯಬೇಕು. ಫ್ಯಾನಿನಡಿ ನಾಲ್ಕೈದು ದಿನ ಬೇಕಾದರೂ ಆಶ್ಚರ್ಯವಿಲ್ಲ. ಆಮೇಲೆ 220 ನಂಬರಿನ ಪಾಲಿಶ್ ಪೇಪರಿನಲ್ಲಿ ಹಗುರಾಗಿ ಉಜ್ಜಿ ಧೂಳು ಒರೆಸಿ.

ಹಚ್ಚುವ ಕೆಲಸ ಬೇಗ ಆಗಬೇಕೆಂದರೆ ಇಡೀ ಹಾಳೆಯ ಬೆನ್ನಿನ ಕಾಗದ ಒಮ್ಮೆಗೇ ಕೀಳಬೇಡಿ, ಅದು ಸುರುಳಿಯಾಗಿ ತನಗೆ ತಾನೇ ಅಂಟುತ್ತದೆ. ಒಳಗಿನ ಸೊನ್ನೆಗಳು ಜಾಗ ಬಿಡದಂತೆ ಮೇಲೆ ಟ್ರಾನ್ಸ್‌ಫರ್ ಟೇಪ್ ಎಳೆದು, ಸ್ಟೆನ್ಸಿಲ್ ಅನ್ನು ಜಾಗಕ್ಕೆ ಸರಿಯಾಗಿಟ್ಟು ನಟ್ಟನಡುವೆ ಅಡ್ಡಲಾಗಿ ಮಾಸ್ಕಿಂಗ್ ಟೇಪ್ ಕೊಡಿ. ಒಂದು ಅರ್ಧ ಮೇಲೆತ್ತಿ ಕಾಗದ ಕಿತ್ತು ಕತ್ತರಿಸಿ, ನಡುವಿನಿಂದ ಅಂಚಿಗೆ ಸ್ಕ್ವೀಜಿಯಲ್ಲಿ (ಸ್ಟಿಕ್ಕರ್ ಒತ್ತುವ ಚಪ್ಪಟೆ ಪಟ್ಟಿ) ಒತ್ತುತ್ತಾ ಹೋಗಿ. ಬಳಿಕ ನಡುವಿನ ಟೇಪ್ ತೆಗೆದು ಇನ್ನರ್ಧ, ಕೊನೆಗೆ ಮೇಲಿನ ಟ್ರಾನ್ಸ್‌ಫರ್ ಟೇಪ್ ಕಿತ್ತುಬಿಡಿ. ಅಳತೆ ಮತ್ತೆ ಹಿಡಿಯುವ ಕೆಲಸವಿಲ್ಲ, ಗುಳ್ಳೆಯೂ ಕಡಿಮೆ.

ಅಕ್ಷರದ ಬಣ್ಣಕ್ಕೆ ಮೊದಲು ಹಿನ್ನೆಲೆಯ ಬಣ್ಣವನ್ನೇ ತೆಳುವಾಗಿ ಅಂಚುಗಳಿಗೆ ತಟ್ಟಿ ಒಣಗಿಸಿ. ಹರಿಯುವುದಿದ್ದರೆ ಅದೇ ಹರಿದು ಸಂದು ಮುಚ್ಚುತ್ತದೆ, ಹರಿದದ್ದು ಕಾಣುವುದೂ ಇಲ್ಲ. ನಂತರ ಅಕ್ಷರದ ಬಣ್ಣವನ್ನು ಸ್ಪಂಜಿನಲ್ಲಿ ತಟ್ಟಿ, ತೆಳ್ಳಗೆ ಎರಡು ಮೂರು ಸಲ. ಬ್ರಷ್ ಎಳೆದರೆ ಬಣ್ಣ ಅಂಚಿನಡಿ ನುಗ್ಗುತ್ತದೆ.

ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕೀಳೋಣ ಅಂದದ್ದು ಕೊನೆಯ ಪೆಟ್ಟು. ಗಟ್ಟಿಯಾದ ಬಣ್ಣ ವಿನೈಲಿಗೂ ಮರಕ್ಕೂ ಸೇತುವೆಯಾಗುತ್ತದೆ, ಕಿತ್ತರೆ ಅಂಚು ಹರಿಯುತ್ತದೆ. ಕೊನೆಯ ಕೋಟು ಕೈಗೆ ಜಿಗುಟುವಾಗಲೇ ಬೋರ್ಡಿಗೆ ಒರಗಿದಂತೆ ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಸೊನ್ನೆಗಳನ್ನು ಸೂಜಿಯಿಂದ ಎತ್ತಿ. ಒಣಗಿಬಿಟ್ಟಿದ್ದರೆ ಬ್ಲೇಡಿನಲ್ಲಿ ಅಂಚು ಗೀರಿ, ಹೇರ್ ಡ್ರೈಯರಿನಲ್ಲಿ ಬೆಚ್ಚಗೆ ಮಾಡಿಕೊಂಡು ಎಳೆಯಿರಿ. ಉಳಿದ ಅಂಟಿಗೆ ತಿನ್ನರ್ ಮುಟ್ಟಿಸಬೇಡಿ, ಹೊಸ ಬಣ್ಣವೂ ಕರಗುತ್ತದೆ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ, ಸೋಪುನೀರಿನ ಬಟ್ಟೆಯಿಂದ ಜಿಡ್ಡು ತೆಗೆಯಿರಿ. ಜಿಡ್ಡು ಉಳಿದರೆ ವಾರ್ನಿಶ್ ಅಲ್ಲಿ ಹಿಡಿಯುವುದಿಲ್ಲ.