ಅರವತ್ತೊಂದನೇ ದಿನ ಫೋನ್ ಎತ್ತದ ವಕೀಲರು

ನಮ್ಮ ಕ್ರಿಮಿನಲ್ ಕೇಸಿಗೆ ಇಟ್ಟುಕೊಂಡಿದ್ದ ವಕೀಲರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಆರೋಪಿ ನನ್ನ ತಮ್ಮ, ಕೇಸು ಇನ್ನೂ ನಡೆಯುತ್ತಿದೆ. ಅವರಿಗೆ ಐದಕ್ಕೆ ಒಂದೂವರೆ ಕೊಡುತ್ತೇನೆ. ಆ ಒಂದೂವರೆ ಮೊದಲ ರಾತ್ರಿಗೆ.

ಆ ರಾತ್ರಿ ಅವರು ನಿಜಕ್ಕೂ ಚೆನ್ನಾಗಿ ನಡೆದುಕೊಂಡರು. ಪೊಲೀಸರು ತಮ್ಮನನ್ನು ಕರೆದುಕೊಂಡು ಹೋದಾಗ ಹನ್ನೊಂದು ಗಂಟೆ ದಾಟಿತ್ತು. ಫೋನ್ ಮಾಡಿದ ಅರ್ಧ ಗಂಟೆಗೆ ಠಾಣೆಗೆ ಬಂದರು. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು ಅಂತ ಬಿಡಿಸಿ ಹೇಳಿದರು. "ನೀವು ಮನೆಗೆ ಹೋಗಿ ಅಮ್ಮಾ, ನಾನಿದ್ದೀನಿ" ಅಂದರು. ಅಮ್ಮ ಅವರಿಗೆ ಕೈ ಮುಗಿದರು. ಮರುದಿನ ಕೇಳಿದಷ್ಟು ಫೀಸು ಕೊಟ್ಟೆವು. ರಸೀದಿ ಕೇಳಲಿಲ್ಲ. ಅಷ್ಟು ಸಹಾಯ ಮಾಡಿದವರನ್ನು ಹೇಗೆ ಕೇಳುವುದು ಅನ್ನಿಸಿತ್ತು.

ಆಮೇಲೆ ಅವರನ್ನು ಕೋರ್ಟಿನಲ್ಲಿ ನೋಡಿದ್ದು ಎರಡೇ ಸಲ. ಪ್ರತಿ ಡೇಟಿಗೂ ಬೇರೆ ಬೇರೆ ಜೂನಿಯರ್ ಬರುತ್ತಿದ್ದರು. ತಮ್ಮ ಜೈಲಿನಿಂದ ವಿಡಿಯೋದಲ್ಲಿ ಹಾಜರಾಗುತ್ತಿದ್ದ. ಕೇಸ್ ನಂಬರ್ ಕೂಗಿದಾಗ ಜೂನಿಯರ್ ಫೈಲ್ ತಿರುಗಿಸಿ ಅವನ ಹೆಸರು ಓದಿಕೊಂಡು ಎದ್ದು ನಿಲ್ಲುತ್ತಿದ್ದರು. ಪಾಪ, ಆ ಮಕ್ಕಳ ತಪ್ಪಲ್ಲ. ಅವರಿಗೆ ಯಾರೂ ಏನೂ ಹೇಳಿ ಕಳಿಸಿರಲಿಲ್ಲ.

ಮೊದಲ ಜಾಮೀನು ಅರ್ಜಿ ವಜಾ ಆಗಿದ್ದು ನನಗೆ ಗೊತ್ತಾಗಿದ್ದು ಆರು ದಿನದ ಮೇಲೆ. ಅದೂ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಸಿಎನ್ಆರ್ ನಂಬರ್ ಹಾಕಿ ನಾನೇ ನೋಡಿದಾಗ. ಪ್ರತಿ ಕೇಸಿಗೂ ಆ 16 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಮುಂದಿನ ಡೇಟ್ ಯಾವಾಗ, ಹಿಂದಿನ ಸಲ ಏನಾಯಿತು, ಎಲ್ಲ ಅದರಲ್ಲಿ ಸಿಗುತ್ತದೆ. ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ನಾನು ಮೂರನೇ ವಾರ ಕೇಳಿದೆ. "ಅದೆಲ್ಲ ನಿಮಗ್ಯಾಕೆ, ನಾವಿದ್ದೀವಲ್ಲ" ಅಂದರು.

ಈಗ ಆ ಅರವತ್ತು ದಿನದ ವಿಷಯ. ತಮ್ಮನ ಮೇಲಿರುವ ಆರೋಪಕ್ಕೆ ಹೆಚ್ಚೆಂದರೆ ಏಳು ವರ್ಷ ಶಿಕ್ಷೆ. ಅಂಥ ಕೇಸಿನಲ್ಲಿ ಆರೋಪಿ ಕಸ್ಟಡಿಯಲ್ಲಿದ್ದು, ಪೊಲೀಸರು 60 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಇದನ್ನೇ ಡಿಫಾಲ್ಟ್ ಬೇಲ್ ಅನ್ನುವುದು. ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ 90 ದಿನ. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ಹಳೆಯ ಕಾನೂನಿನಲ್ಲಿ, ಅಂದರೆ ಸಿಆರ್‌ಪಿಸಿಯಲ್ಲಿ, ಇದು 167ನೇ ಸೆಕ್ಷನ್. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಅಂದರೆ ಬಿಎನ್ಎಸ್ಎಸ್‌ನಲ್ಲಿ, 187. ಆದರೆ ಆ ಜಾಮೀನು ತಾನಾಗಿ ಬರುವುದಿಲ್ಲ, ಕೇಳಬೇಕು. ಚಾರ್ಜ್‌ಶೀಟ್ ಬರುವ ಮೊದಲೇ ಕೇಳಬೇಕು. ಬಂದ ಮೇಲೆ ಆ ಹಕ್ಕು ಇಲ್ಲ.

ಇದನ್ನು ನನಗೆ ಹೇಳಿದ್ದು ನಮ್ಮ ವಕೀಲರಲ್ಲ. ಜೈಲಿನ ಭೇಟಿ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಒಬ್ಬ ಹೆಂಗಸು. "ಎಷ್ಟು ದಿನ ಆಯ್ತು ನಿಮ್ಮ ತಮ್ಮ ಒಳಗೆ ಹೋಗಿ?" ಅಂತ ಕೇಳಿದರು. ಬೆರಳು ಮಡಚಿ ಲೆಕ್ಕ ಹಾಕಿದೆ. ಐವತ್ತೆಂಟು. "ಅಯ್ಯೋ, ಇವತ್ತೇ ಹೋಗಿ ವಕೀಲರನ್ನು ನೋಡು ತಾಯಿ" ಅಂದರು.

ಹೋದೆ. ಆಫೀಸಿನಲ್ಲಿ ಇರಲಿಲ್ಲ. ಐವತ್ತೊಂಬತ್ತನೇ ದಿನ ಫೋನಿನಲ್ಲಿ ಸಿಕ್ಕರು, "ನೋಡೋಣ" ಅಂದರು. ಅರವತ್ತನೇ ದಿನ ಗುಮಾಸ್ತರು "ಸರ್‌ಗೆ ಹೇಳಿದ್ದೀನಿ" ಅಂದರು. ಅರವತ್ತೊಂದನೇ ದಿನ ಹತ್ತು ಗಂಟೆಯಿಂದ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಹದಿನೇಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಅರವತ್ತಮೂರನೇ ದಿನ ಚಾರ್ಜ್‌ಶೀಟ್ ಬಂತು.

ಆ ಎರಡು ದಿನದಲ್ಲಿ ತಮ್ಮ ತಾನೇ ಬಾಯಿಬಿಟ್ಟು ಜಾಮೀನು ಕೇಳಿದ್ದರೂ ಆಗುತ್ತಿತ್ತಂತೆ. ಬಾಯಿಮಾತಿನಲ್ಲಿ ಕೇಳಿದರೂ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಇದನ್ನು ಆಮೇಲೆ ತಿಳಿದುಕೊಂಡಾಗ ಎರಡು ರಾತ್ರಿ ನಿದ್ದೆ ಬರಲಿಲ್ಲ. ಜಾಮೀನು ಕೊನೆಗೆ ಸಿಕ್ಕಿತು, ಆದರೆ ಇನ್ನೂ ನಲವತ್ತು ದಿನ ಕಳೆದ ಮೇಲೆ, ಸೆಷನ್ಸ್ ಕೋರ್ಟಿನಲ್ಲಿ, ಬೇರೆ ವಕೀಲರಿಂದ.

ವಕೀಲರನ್ನು ಬದಲಾಯಿಸಿದರೆ ಜಡ್ಜ್ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನೆಂಟರೆಲ್ಲ ಹೆದರಿಸಿದರು. ಹಾಗೇನೂ ಆಗಲಿಲ್ಲ. ಹೊಸ ವಕಾಲತ್ತಿಗೆ, ಅಂದರೆ ಇವರೇ ನನ್ನ ವಕೀಲರು ಅಂತ ಬರೆದುಕೊಡುವ ಕಾಗದಕ್ಕೆ, ತಮ್ಮನೇ ಸಹಿ ಹಾಕಬೇಕಿತ್ತು. ಕಾಗದ ಜೈಲಿಗೆ ಹೋಗಿ, ಅಲ್ಲಿನ ಅಧಿಕಾರಿಯ ಸೀಲು ಬಿದ್ದು ವಾಪಸ್ ಬಂತು. ಕಷ್ಟ ಆಗಿದ್ದು ಹಳೆಯ ವಕೀಲರಿಂದ ಎನ್ಒಸಿ, ಅಂದರೆ ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ, ಪಡೆಯುವುದು. "ಬಾಕಿ ಫೀಸು ಕೊಡಿ, ಫೈಲ್ ತಗೊಂಡು ಹೋಗಿ" ಅಂದರು. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರರ ಫೈಲ್ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಸುಪ್ರೀಂ ಕೋರ್ಟ್ ಇದನ್ನು 2000ದಲ್ಲೇ ಸ್ಪಷ್ಟ ಮಾಡಿದೆ. ಹೊಸ ವಕೀಲರು ಇದನ್ನು ಒಂದು ಪತ್ರದಲ್ಲಿ ಬರೆದು ಕಳಿಸಿದರು, ನಾಲ್ಕನೇ ದಿನ ಫೈಲ್ ಬಂತು. ಎನ್ಒಸಿ ಕೊಡಲೇ ಇಲ್ಲ ಅಂದರೂ ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ಕೇಳಬಹುದು.

ಫೈಲ್ ಬಿಚ್ಚಿ ನೋಡಿದೆ. ಒಳಗೆ ಎಫ್ಐಆರ್ ಕಾಪಿ, ವಜಾ ಆದ ಅರ್ಜಿ, ಎರಡು ಖಾಲಿ ಹಾಳೆ. ನನ್ನ ತಮ್ಮ ಕೆಲಸ ಮಾಡಿದ ದಿನಗಳ ಲೆಕ್ಕಪತ್ರ ಅಂತ ನಾನು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದ ಕವರ್ ಹಾಗೇ ಇತ್ತು. ಅದರ ಅಂಟು ಕೂಡ ಬಿಚ್ಚಿರಲಿಲ್ಲ.

ಗ್ರಾಹಕರ ಕೋರ್ಟಿಗೆ ಹೋಗು ಅಂತ ತುಂಬಾ ಜನ ಹೇಳಿದರು. ಅದು ಆಗುವುದಿಲ್ಲ. ವಕೀಲರ ಸೇವೆ ಗ್ರಾಹಕ ಕಾನೂನಿನೊಳಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ದೂರು ಕೊಡುವುದಾದರೆ ರಾಜ್ಯ ವಕೀಲರ ಪರಿಷತ್ತಿಗೆ, 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ. ಸುಮ್ನೆ ಕೇಸು ಸೋತರು ಅನ್ನುವುದಕ್ಕೆ ಅಲ್ಲಿ ಬೆಲೆ ಇಲ್ಲ. ಅದು ಸರಿಯೇ, ಪ್ರಾಮಾಣಿಕವಾಗಿ ವಾದ ಮಾಡಿದವರೂ ಸೋಲುತ್ತಾರೆ ಅಲ್ವಾ? ನನ್ನ ದೂರಿನಲ್ಲಿ ನಾನು ಸಿಟ್ಟು ಬರೆದಿಲ್ಲ. ದಿನಾಂಕಗಳು, ಫೋನ್ ಕರೆಗಳ ಪಟ್ಟಿ, ಮೆಸೇಜುಗಳು, ಫೈಲ್ ತಡೆಹಿಡಿದ ವಿಷಯ. ಅಷ್ಟೇ.

ಹೊಸ ವಕೀಲರು ದೊಡ್ಡ ಹೆಸರಿನವರಲ್ಲ. ಕೇಸು ಗೆಲ್ಲುತ್ತೇವೆ ಅಂತಲೂ ಹೇಳಿಲ್ಲ, "ಕಷ್ಟ ಇದೆ, ನೋಡಿ" ಅಂದಿದ್ದಾರೆ. ಮೊನ್ನೆ ಡೇಟ್ ಇತ್ತು. ಮಧ್ಯಾಹ್ನ ಒಂದೂಕಾಲಿಗೆ ಅವರ ಮೆಸೇಜ್ ಬಂತು: "ಸಾಕ್ಷಿ ಬಂದಿರಲಿಲ್ಲ, ಅಕ್ಕ. ಮುಂದಿನ ತಿಂಗಳು 12ಕ್ಕೆ ಹಾಕಿದ್ದಾರೆ. ಅದಕ್ಕೆ ಮೊದಲು ಒಂದು ಸಲ ತಮ್ಮನನ್ನು ಕಳಿಸಿ, ಆ ಲೆಕ್ಕಪತ್ರ ಇಬ್ಬರೂ ಕೂತು ಓದಬೇಕು."